ಪೊಕ್ಕರ್ ಕಾಕನ ಬಿಲ್ಲೆ

ಸಿದ್ದಾಪುರದ ಅರ್ಧ ಬೇಕರಿ ಅರ್ಧ ಫ್ಯಾನ್ಸಿ ಸ್ಟೋರಿನಲ್ಲಿ
ಚಿಪ್ಸ್ ಬೇಕೆಂದೆ.
ನೇಂದ್ರಬಾಳೆಯದ್ದು ಕಾಲು ಕೇಜಿ ಕಟ್ಟಿಕೊಟ್ಟ ಹುಡುಗ.
ಇದಲ್ಲ ಮಾರಾಯ, ಇಸ್ಪೀಟಿನಲ್ಲಿ ದುಡ್ಡಿನ ಬದಲು ಇಡುತ್ತಾರಲ್ಲ,
ದುಂಡಗೆ, ಬಣ್ಣದ್ದು—
ಅವನು ನನ್ನ ನರೆಗೂದಲು ನೋಡಿದ,
ಬಗ್ಗಿ ಕೆಳಗಿನ ಕಪಾಟು ತೆರೆದ.

ನೂರು ಬಿಲ್ಲೆ, ನೂರಾ ಎಂಬತ್ತು ರೂಪಾಯಿ.
ಪೊಕ್ಕರ್ ಕಾಕ ಒಂದನ್ನೆತ್ತಿ ಉಗುರಿನಿಂದ ತಟ್ಟಿ
ಕಿವಿಗೆ ಹಿಡಿದು, "ಬಕೆಟ್ ಕರಗಿಸಿ ಮಾಡಿದ್ದು" ಎಂದು
ವಾಪಸು ಕೊಟ್ಟರು.

ಪೊಕ್ಕರ್ ಅಂದರೆ ನಗಬೇಡಿ.
ಅಬೂಬಕ್ಕರ್ ಎಂಬ ಹೆಸರು ನಮ್ಮ ಕಡೆ
ಬಾಯಿಂದ ಬಾಯಿಗೆ ಉರುಳಿ, ಅಂಚು ಸವೆದು, ಪೊಕ್ಕರ್.
ಕ್ಲಬ್ಬಿನಲ್ಲಿ ಮೂವತ್ತೊಂದು ವರ್ಷ
ಬಿಲ್ಲೆ ಎಣಿಸಿ ಕೊಟ್ಟವರು, ಎಣಿಸಿ ಒಳಗಿಟ್ಟವರು.
ಒಂದು ದಿನವೂ ಎಲೆ ಮುಟ್ಟಲಿಲ್ಲ.
"ಹರಾಮು" ಅನ್ನುತ್ತಾರೆ. ತುಸು ತಡೆದು,
"ಬೇಜಾರು ಕೂಡ."

ಕಾಫಿ ಸ್ಯಾಂಪಲ್ ಕೊಡಲು ಹೋದವಳು ಕಿಟಕಿಯಲ್ಲಿ ಕಂಡೆ:
ಯಾರೂ ಇಲ್ಲದ ಕೋಣೆ, ಅವರ ಎಡಗೈ,
ಹರಿಯುವ ಹನ್ನೆರಡು ಬಿಲ್ಲೆ.
ಕಲಿಸಿ ಎಂದೆ.

"ಭಾರ ನೋಡಿ ಮೋಸಹೋಗಬೇಡ,
ಹೊಟ್ಟೆಯಲ್ಲಿ ಕಬ್ಬಿಣದ ಚೂರು ಇಟ್ಟಿರುತ್ತಾರೆ.
ಹೊಳೆಯುವುದು ಜಾರುತ್ತದೆ.
ಒಂದರ ಮೇಲೊಂದಿಟ್ಟು ಮೇಲಿನದ್ದನ್ನು ತಿರುಗಿಸು,
ಬುಗುರಿಯಂತೆ ತಿರುಗಿತೋ, ಅದಕ್ಕೆ ಬೊಜ್ಜು ಬಂದಿದೆ.
ಬೊಜ್ಜು ಬಂದದ್ದು ಸಾಲಿನಲ್ಲಿ ನಿಲ್ಲುವುದಿಲ್ಲ,
ನಮ್ಮ ಮೆಂಬರುಗಳ ಹಾಗೆ."

ಮೊದಲು ಆರು. ಮೂರು ಇತ್ತ, ಮೂರು ಅತ್ತ.
ಕೆಳಗೆ ಮಡಿಸಿದ ಕಂಬಳಿ.
ಹೆಬ್ಬೆರಳೂ ತೋರುಬೆರಳೂ ಒಂದು ಗುಡ್ಡೆಗೆ ಕಾವಲು,
ಉಂಗುರದ ಬೆರಳೂ ಕಿರುಬೆರಳೂ ಇನ್ನೊಂದಕ್ಕೆ.
ನಡುಬೆರಳು ಸಂದಿಯಲ್ಲಿ ನಿಂತು ಮೆಲ್ಲಗೆ ಎತ್ತಬೇಕು,
ಎರಡೂ ಒಂದರೊಳಗೊಂದು ಬೀಳಬೇಕು.
ಬಿದ್ದವು.
ಮಂಚದ ಕೆಳಗೆ, ಒಲೆಯ ಬೂದಿಗೆ,
ಒಂದು ಪಂದಿಕರಿಯ ಪಾತ್ರೆಗೆ.
ಅದನ್ನು ಮಾತ್ರ ಕಾಕನ ಹತ್ತಿರ ಒಯ್ಯಲಿಲ್ಲ.

ಕೂಡಿಗೆಯ ಕ್ಯೂರಿಂಗ್ ವರ್ಕ್ಸಿನಲ್ಲಿ ಇಪ್ಪತ್ತು ವರ್ಷ
ಕಪ್ಪು, ಒಡಕು, ಹುಳ ಕೊರೆದದ್ದು ಹೆಕ್ಕಿದ ಕೈ ಇದು.
ಬೀಜ ಕೇಳುತ್ತದೆ, ಬಿಲ್ಲೆ ಕೇಳುವುದಿಲ್ಲ.
ಊಟದ ಬಿಡುವಿನಲ್ಲಿ ರಾಸಾತಿ, "ಅಕ್ಕಾ, ಜೂಜಾ?"
ಎಲೆಯೇ ಇಲ್ಲದೆ ಎಂಥ ಜೂಜು ಮಾರಾಯ್ತಿ.

ಆ ವರ್ಷ ಕ್ಲಬ್ಬಿಗೆ ಮಿಂಚುವ ಹೊಸ ಬಿಲ್ಲೆ ಬಂದವು.
ಹಳೆಯ ಜೇಡಿಯವನ್ನು ಬಿಸ್ಕತ್ತಿನ ಡಬ್ಬದ ಸಮೇತ
ಗುಜರಿ ಬೆಲೆಗೆ ಕೊಂಡ ಕಾಕ ನನಗೆ ನಲವತ್ತು ಕೊಟ್ಟರು.
ಬೀಜ ತೂಗುವ ಸಣ್ಣ ತಕ್ಕಡಿಯಲ್ಲಿಟ್ಟೆ.
ಒಂಬತ್ತೂವರೆ ಗ್ರಾಂ. ಒಂಬತ್ತೂವರೆ. ಒಂಬತ್ತು, ಸವೆದದ್ದು.
ಮೂರು.
ಮೂರು?
ತಟ್ಟಿದೆ. ಟೊಕ್.
ಅಂಚು ಕೆರೆದರೆ ಕೆಂಪು ಬಣ್ಣದಡಿಯಲ್ಲಿ ನಾರಿನ ಎಳೆ:
ಕಾಫಿ ಬೊಡ್ಡೆಯನ್ನು ಕೊಯ್ದು, ಉಜ್ಜಿ, ಬಣ್ಣ ಬಳಿದು
ಯಾರೋ ನಡೆಸಿಬಿಟ್ಟ ನೂರು ರೂಪಾಯಿ.

ಭಾನುವಾರದ ಬಸ್ಸು ಹಿಡಿದು ಹೋಗಿ ಮುಂದಿಟ್ಟೆ.
ಅವರು ನೋಡಲಿಲ್ಲ. ಮೇಜಿಗೆ ತಾಗಿದ ಸದ್ದೇ ಸಾಕಾಯಿತು.
"ತೊಂಬತ್ತನಾಲ್ಕು. ಹೂಮಳೆ ಬಂದ ರಾತ್ರಿ.
ಎಣಿಸುವಾಗಲೇ ಗೊತ್ತಾಯಿತು."
ಯಾರದ್ದು ಕಾಕ?
ಎಡಗೈ ಹನ್ನೆರಡನ್ನು ಹೆಣೆಯಿತು, ಬಿಡಿಸಿತು, ಹೆಣೆಯಿತು.
"ನೂರು ರೂಪಾಯಿ ನಾನು ಸಂಬಳದಲ್ಲಿ ತೀರಿಸಿದೆ.
ಆಮೇಲೆ ಇದು ಸುಳ್ಳು ಹೇಗಾಗುತ್ತದೆ?
ಗುಡ್ಡೆಯ ನಡುವೆ ಇಟ್ಟುಕೋ.
ಹಗುರದ್ದು ಇದ್ದರೆ ಬೆರಳಿಗೆ ದಾರಿ ಗೊತ್ತಾಗುತ್ತದೆ."

ಹೆಬ್ಬೆರಳ ಸುತ್ತ ಬಿಲ್ಲೆ ಹಾರಿಸುವುದು ನನಗಿನ್ನೂ ಬಂದಿಲ್ಲ.
ಹತ್ತಾದರೆ ಚೆಲ್ಲುತ್ತವೆ.
ಎಂಟು ಹೆಣೆಯುತ್ತೇನೆ, ಗೋಣಿಚೀಲದ ಮೇಲೆ,
ಏಳು ಸದ್ದು ಒಂದು ಟೊಕ್.
ಬೀಜದಿಂದ ತಲೆಯೆತ್ತದೆ ರಾಸಾತಿ ಹೇಳುತ್ತಾಳೆ,
"ಹಾಂ, ಈಗ ಬಿತ್ತು."